ಒಂದೇ ತರಗತಿ, ಒಂದೇ ವಯಸ್ಸು, ಬಿಪಿ ಮಾತ್ರ 104ರಿಂದ 128: ಯಾರನ್ನು ವೈದ್ಯರ ಬಳಿ ಕಳಿಸಬೇಕು?

ಪ್ರಶ್ನೆ: ಶಾಲಾ_ತಪಾಸಣೆ

ಏಳು, ಎಂಟನೇ ತರಗತಿ ಮಕ್ಕಳ ತಪಾಸಣೆಯಲ್ಲಿ ಬಿಪಿಯನ್ನೂ ನೋಡುತ್ತಿದ್ದೇವೆ. ಹುಟ್ಟಿದ ವರ್ಷ ಒಂದೇ. ಆದರೂ ಒಬ್ಬನಿಗೆ ಮೀಸೆ ಚಿಗುರಿ ದನಿ ಒಡೆದಿದೆ, ಪಕ್ಕದವನು ಇನ್ನೂ ಐದನೇ ತರಗತಿಯವನ ಹಾಗೆ ಕಾಣುತ್ತಾನೆ. ಮೊದಲನೆಯವನ ಮೇಲಿನ ಸಂಖ್ಯೆ 128, ಎರಡನೆಯವನದು 104. ಡಿಜಿಟಲ್ ಮೆಷಿನ್, ಎಲ್ಲರಿಗೂ ಒಂದೇ ಕಫ್ (ತೋಳಿಗೆ ಸುತ್ತುವ ಪಟ್ಟಿ). ಇದರಲ್ಲಿ ಬೆಳವಣಿಗೆಯ ಪಾಲೆಷ್ಟು, ಕಾಯಿಲೆಯ ಪಾಲೆಷ್ಟು? ಮೈನೆರೆದ ಹಂತವನ್ನೂ ಬರೆದುಕೊಳ್ಳಬೇಕೆ?

ವಾರ್ಡ್_ಸಿಸ್ಟರ್

"ಎಲ್ಲರಿಗೂ ಒಂದೇ ಕಫ್" ಅಂದಿರಲ್ಲ, ಮೊದಲು ಅದನ್ನು ಸರಿಮಾಡಿ. ಬೇಗ ಬೆಳೆದವನ ತೋಳು ದಪ್ಪ, ಅವನಿಗೆ ಆ ಕಫ್ ಚಿಕ್ಕದಾಗಿ ರೀಡಿಂಗ್ ಹೆಚ್ಚು ಬರುತ್ತದೆ. ಇನ್ನೊಬ್ಬನ ತೋಳು ಸಣ್ಣ, ಅವನಿಗೆ ಅದೇ ಕಫ್ ದೊಡ್ಡದಾಗಿ ಕಡಿಮೆ ತೋರಿಸುತ್ತದೆ. ಇಬ್ಬರ ನಡುವೆ ನಿಜವಾಗಿ ಇರುವ ಅಂತರವನ್ನು ಕಫ್ಫೇ ಹಿಗ್ಗಿಸಿಬಿಡುತ್ತದೆ.

ಭುಜದ ಮೂಳೆಯ ತುದಿಗೂ ಮೊಣಕೈ ತುದಿಗೂ ನಟ್ಟನಡುವೆ ಟೇಪ್ ಸುತ್ತಿ ಅಳೆಯಿರಿ. ಕಫ್ ಒಳಗಿನ ಗಾಳಿಚೀಲದ ಅಗಲ ಆ ಸುತ್ತಳತೆಯ ಶೇ. 40ಕ್ಕೆ ಕಡಿಮೆ ಇರಬಾರದು, ಉದ್ದ ಶೇ. 80ರಿಂದ 100 ಇರಬೇಕು. ಲೆಕ್ಕ ಬೇಡವೆಂದರೆ: 22 ಸೆಂ.ಮೀ. ತೋಳಿನವರೆಗೆ ಮಕ್ಕಳ ಕಫ್ (9×18), 26ರವರೆಗೆ ಸ್ಮಾಲ್ ಅಡಲ್ಟ್ (10×24), 34ರವರೆಗೆ ದೊಡ್ಡವರ ಕಫ್ (13×30). ಈ ಮೂರೂ ನಿಮ್ಮ ಚೀಲದಲ್ಲಿರಬೇಕು. ಹೈಸ್ಕೂಲಿನಲ್ಲಿ ಹೆಚ್ಚು ಬೇಕಾಗುವುದು ನಡುವಿನದು, ಆದರೆ ಹೆಚ್ಚಿನ ಕಿಟ್‌ಗಳಲ್ಲಿ ಇಲ್ಲದಿರುವುದೂ ಅದೇ!

ಬಲತೋಳಿನಲ್ಲೇ ನೋಡಿ. ಆಟದ ಪೀರಿಯಡ್ ಮುಗಿಸಿ ಓಡಿಬಂದ ಮಗುವಿಗೆ ತಕ್ಷಣ ಕಫ್ ಕಟ್ಟಬೇಡಿ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, 3ರಿಂದ 5 ನಿಮಿಷ ಮಾತಿಲ್ಲದೆ ಕೂರಲಿ. ಯೂನಿಫಾರ್ಮ್ ತೋಳನ್ನು ಬಿಗಿಯಾಗಿ ಮೇಲೆ ಸುರುಳಿ ಸುತ್ತಿದರೂ ಲೆಕ್ಕ ತಪ್ಪುತ್ತದೆ. ಮೊದಲ ರೀಡಿಂಗ್ ಹೆಚ್ಚು ಬಂದರೆ ಇನ್ನೆರಡು ತೆಗೆದು ಸರಾಸರಿ ಬರೆಯಿರಿ.

ಮಕ್ಕಳ_ವೈದ್ಯೆ

ಸಿಸ್ಟರ್ ಹೇಳಿದ್ದು ಮುಗಿದ ಮೇಲೆ ಕೋಷ್ಟಕಕ್ಕೆ ಬರೋಣ. ನಾವು ಬಳಸುವುದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ 2017ರ ಮಾರ್ಗಸೂಚಿ. 13 ತುಂಬದವರಿಗೆ ವಯಸ್ಸು, ಲಿಂಗ, ಎತ್ತರ ಮೂರನ್ನೂ ನೋಡಬೇಕು. 12 ವರ್ಷದ ಹುಡುಗನಿಗೆ 118 ಬಂದಿದೆ ಎನ್ನಿ. ಅವನು ಎತ್ತರದಲ್ಲಿ 5ನೇ ಪರ್ಸೆಂಟೈಲಿನವನಾದರೆ (ಓರಗೆಯ ನೂರು ಹುಡುಗರಲ್ಲಿ ಸುಮಾರು ಐವರಷ್ಟೇ ಅವನಿಗಿಂತ ಕುಳ್ಳರು) ಬಿಪಿಯ 95ನೇ ಪರ್ಸೆಂಟೈಲ್ ಗೆರೆ 116, ಅಂದರೆ ಆ 118 ಒಂದನೇ ಹಂತದ ಅಧಿಕ ರಕ್ತದೊತ್ತಡದ ಮಟ್ಟ. ಎತ್ತರದಲ್ಲಿ 95ನೇ ಪರ್ಸೆಂಟೈಲಿನವನಾದರೆ ಬಿಪಿಯ 90ನೇ ಗೆರೆಯೇ 121, ಅದೇ 118 ಸಹಜ. ಬೇಗ ಬೆಳೆದವರಿಗೆ ಸಲ್ಲಬೇಕಾದ ರಿಯಾಯಿತಿಯ ಬಹುಪಾಲು ಈ ಎತ್ತರದ ಲೆಕ್ಕದಲ್ಲೇ ಸಂದಿರುತ್ತದೆ. ಹಾಗಾಗಿ ಮೈನೆರೆದ ಹಂತವನ್ನು ಶಾಲೆಯಲ್ಲಿ ನೋಡಲು ಹೋಗಬೇಡಿ. ಅದಕ್ಕೆ ಬಟ್ಟೆ ತೆಗೆಸಿ ಪರೀಕ್ಷಿಸಬೇಕು, ಶಾಲೆಯ ಕೋಣೆ ಅದಕ್ಕೆ ಜಾಗವಲ್ಲ. ಎತ್ತರ, ತೂಕ ಸರಿಯಾಗಿ ಬರೆದರೆ ಸಾಕು.

13 ತುಂಬಿದ ಮೇಲೆ ಎತ್ತರದ ಲೆಕ್ಕವಿಲ್ಲ: 120/80ಕ್ಕಿಂತ ಕಡಿಮೆ ಸಹಜ, 120–129 ಇದ್ದು ಕೆಳಗಿನದು 80ರೊಳಗಿದ್ದರೆ ಏರುಮಟ್ಟ, 130/80ರಿಂದ ಒಂದನೇ ಹಂತ, 140/90ರಿಂದ ಎರಡನೇ ಹಂತ. ಹುಟ್ಟುಹಬ್ಬದ ಮರುದಿನ ಅದೇ ಸಂಖ್ಯೆಗೆ ಬೇರೆ ಹೆಸರು ಬರುವುದು ವಿಚಿತ್ರವೇ, ಆದರೆ ದೊಡ್ಡವರ ಅಳತೆಗೆ ಹೊಂದಲಿ ಎಂದು ಹಾಗಿಟ್ಟಿದ್ದಾರೆ. ಆದ್ದರಿಂದ ಹುಟ್ಟಿದ ವರ್ಷ ಸಾಲದು, ದಿನಾಂಕವೇ ಬೇಕು.

ಶರೀರಶಾಸ್ತ್ರ_ಪಾಠ

ಏರುವುದೇಕೆ ಎಂಬುದಕ್ಕೆ ನನ್ನ ಎರಡು ಮಾತು. ಹುಡುಗಿಯರ ಎತ್ತರದ ಓಟ 12ರ ಆಸುಪಾಸು, ಹುಡುಗರದ್ದು 14ರ ಆಸುಪಾಸು ತುದಿ ಮುಟ್ಟುತ್ತದೆ. ಆಗ ಹೃದಯವೂ ದೊಡ್ಡದಾಗಿ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ, ಮೇಲಿನ ಸಂಖ್ಯೆ ಏರುತ್ತದೆ. ಜೊತೆಗೆ ಹರೆಯದ ನಡುವಿನ ಹಂತದಲ್ಲಿ ಬೆಳವಣಿಗೆಯ ಹಾರ್ಮೋನಿನ ಪ್ರಭಾವದಿಂದ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದೆ, ರಕ್ತದಲ್ಲಿ ಅದರ ಮಟ್ಟ ಹೆಚ್ಚುತ್ತದೆ. ಹೆಚ್ಚಾದ ಇನ್ಸುಲಿನ್ ಮೂತ್ರಪಿಂಡದಲ್ಲಿ ಸೋಡಿಯಂ ಹಿಡಿದಿಡುತ್ತದೆ. ಹರೆಯ ಮುಗಿಯುವಾಗ ಇದು ಬಹುಮಟ್ಟಿಗೆ ಇಳಿಯುತ್ತದೆ, ಬೊಜ್ಜಿದ್ದವರಲ್ಲಿ ಮಾತ್ರ ಸಾಕಷ್ಟು ಇಳಿಯದು. ಒಟ್ಟಿನಲ್ಲಿ ಆ 128ರ ಹುಡುಗನದು ಹರೆಯದ ಬಿಪಿ, ಬಿಟ್ಟುಬಿಡಬಹುದು ಅಂತ ನನ್ನ ಅನಿಸಿಕೆ.

ಮಕ್ಕಳ_ವೈದ್ಯೆ

ಕಾರಣ ಒಪ್ಪಿದೆ, ತೀರ್ಮಾನ ಒಪ್ಪಲಾರೆ. ಹರೆಯ 128ನ್ನು ವಿವರಿಸಬಹುದು, ಅದರಿಂದ ವಿನಾಯಿತಿ ಸಿಗುವುದಿಲ್ಲ. ಅಮೆರಿಕದ ಲೂಯಿಸಿಯಾನಾದಲ್ಲಿ 1973ರಲ್ಲಿ ಶುರುವಾದ ಬೊಗಲೂಸಾ ಅಧ್ಯಯನದಂಥವು ತೋರಿಸಿದ್ದೇ ಇದನ್ನು: ಓರಗೆಯವರಲ್ಲಿ ಮೇಲಿನ ಸಾಲಿನಲ್ಲಿದ್ದ ಮಗು ದೊಡ್ಡದಾದ ಮೇಲೂ ಮೇಲಿನ ಸಾಲಿನಲ್ಲೇ ಉಳಿಯುವ ಸಾಧ್ಯತೆ ಹೆಚ್ಚು. ಹಾಗೆಂದು ಒಂದು ದಿನದ ರೀಡಿಂಗಿಗೆ ಮನೆಯವರನ್ನು ಹೆದರಿಸುವುದೂ ಬೇಡ. ಬೇರೆ ಬೇರೆ ಮೂರು ಭೇಟಿಗಳಲ್ಲಿ ಹೆಚ್ಚು ಬಂದರೆ ಮಾತ್ರ ರೋಗನಿರ್ಣಯ. ಅದನ್ನೂ ಸ್ಟೆತಸ್ಕೋಪ್ ಇಟ್ಟು, ಸೆಕೆಂಡಿಗೆ 2–3 ಮಿ.ಮೀ.ನಂತೆ ಗಾಳಿ ಬಿಟ್ಟು ಖಚಿತಮಾಡಬೇಕು.

ಶಾಲಾ_ತಪಾಸಣೆ

ಹಾಗಾದರೆ ಮರುತಪಾಸಣೆ ಎಷ್ಟು ದಿನಕ್ಕೆ? ಖೋ ಖೋ, ಕುಸ್ತಿ ನಿಲ್ಲಿಸಬೇಕೆ?

ಮಕ್ಕಳ_ವೈದ್ಯೆ

ಏರುಮಟ್ಟ: ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಕಡಿಮೆಮಾಡಿಸಿ 6 ತಿಂಗಳಿಗೆ ಮತ್ತೆ. ಒಂದನೇ ಹಂತ: 1–2 ವಾರಕ್ಕೆ, ಆಗಲೂ ಇದ್ದರೆ 3 ತಿಂಗಳಿಗೆ. ಎರಡನೇ ಹಂತ: ಒಂದು ವಾರದೊಳಗೆ ಮಕ್ಕಳ ವೈದ್ಯರಿಗೆ. ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಜೊತೆಗಿದ್ದರೆ ಅಂದೇ ಆಸ್ಪತ್ರೆಗೆ.

ಮೊದಲ ಎರಡು ಗುಂಪಿನವರ ಆಟ ನಿಲ್ಲಿಸಬೇಡಿ, ಆಟವೇ ಅವರಿಗೆ ಅರ್ಧ ಔಷಧ. ಎರಡನೇ ಹಂತದವರಿಗೆ ಮಾತ್ರ ಬಿಪಿ ಹತೋಟಿಗೆ ಬರುವವರೆಗೆ ಕುಸ್ತಿ, ಭಾರ ಎತ್ತುವುದು ಬೇಡ.

ವಾರ್ಡ್_ಸಿಸ್ಟರ್

ಒಂದು ಸೇರಿಸುತ್ತೇನೆ. ತೋಳಿನಲ್ಲಿ ಹೆಚ್ಚು ಬಂದ ಮಗುವಿನ ತೊಡೆಸಂದಿಯ ನಾಡಿ ವೈದ್ಯರು ಮುಟ್ಟಿ ನೋಡಲೇಬೇಕು, ಕಾಲಿನ ಬಿಪಿಯನ್ನೂ ತೆಗೆಯಬೇಕು. ಕಾಲಿನದು ತೋಳಿಗಿಂತ 10–20 ಹೆಚ್ಚಿರುವುದು ಸಹಜ. ಕಡಿಮೆ ಬಂದರೆ ಮಹಾಧಮನಿ ಕಿರಿದಾಗಿರಬಹುದು, ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು. ಆ ಕಿರಿದು ಸಾಮಾನ್ಯವಾಗಿ ಎಡತೋಳಿನ ರಕ್ತನಾಳ ಕವಲೊಡೆಯುವ ಜಾಗದ ಹತ್ತಿರವೇ ಇರುವುದರಿಂದ ಎಡತೋಳಿನಲ್ಲಿ ಸುಳ್ಳೇ ಕಡಿಮೆ ತೋರಿಸಬಹುದು. ಬಲತೋಳು ಅಂತ ಮೇಲೆ ಹೇಳಿದ್ದು ಅದಕ್ಕೇ.