ಅಪ್‌ಡೇಟ್: ಎಂ74 ಕೊನೆಗೂ ಸಿಕ್ತು

ಗುಡಿಬಂಡೆ ಕಡೆ ಹೊಲದಲ್ಲಿ ಟೆಲಿಸ್ಕೋಪಲ್ಲಿ ಎಂ74 ಗ್ಯಾಲಕ್ಸಿ ಫೋಟೋ ತೆಗೆಯೋವಾಗ, ರಾತ್ರಿ ಚಳಿ ಏರಿದ ಹಾಗೆ ಫೋಟೋ ಎಲ್ಲಾ ಮಬ್ಬಾಗ್ತಿದೆ, ಯಾಕೆ ಅಂತ ಕೇಳಿದ್ದೆ. ಇಬ್ಬನಿ ಅಂದವರೇ ಸರಿ. ಟೆಲಿಸ್ಕೋಪಿನ ದೊಡ್ಡ ಕನ್ನಡಿ ಕೊಳವೆ ತಳದಲ್ಲಿ ಒಣಗೇ ಇತ್ತು. ಬಾಯಿ ಹತ್ತಿರದ ಚಿಕ್ಕ ಕನ್ನಡಿ ಮಾತ್ರ ಆಕಾಶಕ್ಕೆ ಶಾಖ ಬಿಟ್ಟು, ಗಾಳಿಗಿಂತ ತಣ್ಣಗಾಗಿ ಒದ್ದೆಯಾಗ್ತಿತ್ತು. ಅದರ ಬೆನ್ನಿಗೆ ಸಣ್ಣ ಹೀಟರ್ ಪಟ್ಟಿ ಅಂಟಿಸಿ ಪವರ್ ಬ್ಯಾಂಕ್‌ಗೆ ಸಿಕ್ಕಿಸಿದೆ, ಅಷ್ಟೇ.

ಡಿಸೆಂಬರ್ ಕೊನೆಗೆ ಎಂ74 ರಾತ್ರಿ ಎಂಟರ ಸುಮಾರಿಗೆ ನಮ್ಮ ನೆತ್ತಿ ಹತ್ತಿರ ಇರುತ್ತೆ. ದಕ್ಷಿಣಕ್ಕಿರೋ ಬೆಂಗಳೂರಿನ ಬೆಳಕಿನ ಕಾಟ ನೆತ್ತಿ ಮೇಲೆ ಕಮ್ಮಿ. 30 ಸೆಕೆಂಡಿನ ಫೋಟೋಗಳನ್ನ ಪೇರಿಸಿದ್ಮೇಲೆ ಸುರುಳಿ ತೋಳುಗಳು ಕಂಡ್ವು. ಮೂರು ಕೋಟಿ ಜ್ಯೋತಿರ್ವರ್ಷ ದೂರದ್ದು ಸ್ವಾಮಿ! ಮುಂದೆ ಫ್ಲ್ಯಾಟ್ಸ್ (ಮೂಲೆ ಕಪ್ಪು ಸರಿಮಾಡೋಕೆ ಒಂದೇ ಸಮ ಬೆಳಕಿಗೆ ತೆಗೆಯೋ ಫೋಟೋ) ತೆಗೆಯೋದು ಕಲೀಬೇಕು, ಮೂಲೆಗಳು ಇನ್ನೂ ಕಪ್ಪಗಿವೆ.