ಐದು ಬಾಟಲಿ ಕುಂಬಳಕಾಯಿ ಬಿಯರ್ ಬರುತ್ತಿದೆ, ಹೇಗೆ ಕುಡಿದು ನೋಡಲಿ?

ಶಿಡ್ಲಘಟ್ಟದವನು

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ನ್ಯೂಜೆರ್ಸಿಯಲ್ಲಿದ್ದಾರೆ. ಹಿರಿಯರ ಹಬ್ಬಕ್ಕೆ ಊರಿಗೆ ಬರುತ್ತಿದ್ದಾರೆ. ಏನು ತರಲಿ ಅಂತ ಫೋನಿನಲ್ಲಿ ಕೇಳಿದರು. ಮನೆಯವರೆಲ್ಲ ಚಾಕಲೇಟು, ಬಾದಾಮಿ ಅಂದರು. ನಾನು ಕುಂಬಳಕಾಯಿ ಬಿಯರ್ ಕೇಳಿದೆ.

ಕಾರಣ ಇದೆ. ಹೋದ ವರ್ಷ ಬೆಂಗಳೂರಿನ ಒಂದು ಪಬ್ಬಿನಲ್ಲಿ ಸ್ನೇಹಿತ ಒಂದು ಲೋಟ ಕುಂಬಳಕಾಯಿ ಬಿಯರ್ ಕೊಡಿಸಿದ. ಬಣ್ಣ ಚೆನ್ನಾಗಿತ್ತು. ಮೂಗಿನ ಹತ್ತಿರ ತಂದರೆ ಚಕ್ಕೆ, ಲವಂಗ. ಬಾಯಿಗೆ ಹಾಕಿದರೂ ಅದೇ. ಕುಂಬಳಕಾಯಿ ಎಲ್ಲಿ ಅಂತ ಕೊನೆಯ ಗುಟುಕಿನವರೆಗೂ ಹುಡುಕಿದೆ. ಸಿಗಲಿಲ್ಲ. ನಮ್ಮ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕುಂಬಳದ ಬಳ್ಳಿ ಹಬ್ಬಿಸುತ್ತೇವೆ. ಕಾಯಿ, ಬೆಲ್ಲ ಹಾಕಿ ಅಮ್ಮ ಮಾಡುವ ಪಲ್ಯ ತಿಂದು ಬೆಳೆದವನು ನಾನು. ಆ ರುಚಿ ಗೊತ್ತಿದ್ದೂ ಲೋಟದಲ್ಲಿ ಸಿಗಲಿಲ್ಲ ಅನ್ನುವುದು ಒಂದು ವರ್ಷದಿಂದ ಕೊರೆಯುತ್ತಿದೆ.

ಭಾವ ಈಗಾಗಲೇ ಕೊಂಡಿದ್ದಾರೆ. ಶಿಪ್‌ಯಾರ್ಡ್ ಪಂಪ್ಕಿನ್‌ಹೆಡ್ ಒಂದು, ಡಾಗ್‌ಫಿಶ್ ಹೆಡ್ ಪಂಕಿನ್ ಒಂದು, ವೈಯರ್‌ಬಾಕರ್ ಇಂಪೀರಿಯಲ್ ಪಂಪ್ಕಿನ್ ಒಂದು, ಸದರ್ನ್ ಟಿಯರ್ ಪಂಪ್ಕಿಂಗ್ ಎರಡು. ಎಲ್ಲ 355 ಮಿ.ಲೀ. ಬಾಟಲಿ. ಒಟ್ಟು 1.775 ಲೀಟರ್ ಆಗುತ್ತದೆ, ಸುಂಕವಿಲ್ಲದೆ ತರಬಹುದಾದ 2 ಲೀಟರ್ ಒಳಗೇ ಇದೆ. ಅಷ್ಟೂ ಲೆಕ್ಕ ಹಾಕಿದ್ದಾರೆ, ಪಾಪ.

ಕುಡಿಯುವವರು ನಾವು ನಾಲ್ಕು ಜನ. ಯಾವುದನ್ನು ಮೊದಲು ತೆಗೆಯಬೇಕು? ಎಷ್ಟು ತಣ್ಣಗಿರಬೇಕು? ಇವುಗಳಲ್ಲಿ ಯಾವುದರಲ್ಲಾದರೂ ಕುಂಬಳಕಾಯಿ ರುಚಿ ನಿಜವಾಗಿ ಸಿಗುತ್ತದಾ?

ಅಂತರಗಂಗೆ ಬೆಟ್ಟ

ನಿಮ್ಮ ಪ್ರಶ್ನೆ ಓದಿ ತುಂಬಾ ಸಂತೋಷವಾಯಿತು ತಮ್ಮಾ. ನಾನು ಕೋಲಾರದವನು, ಈಗ ನರಸಾಪುರದಲ್ಲಿ ಕೆಲಸ. 2014ರಿಂದ 2017ರವರೆಗೆ ಕಂಪನಿಯವರು ನನ್ನನ್ನು ನ್ಯೂಯಾರ್ಕ್ ರಾಜ್ಯದ ಬಫಲೋ ನಗರಕ್ಕೆ ಕಳಿಸಿದ್ದರು. ನಿಮ್ಮ ಪಂಪ್ಕಿಂಗ್ ಆಗ ತಯಾರಾಗುತ್ತಿದ್ದ ಲೇಕ್‌ವುಡ್ ಊರು ಅಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ಮೂರು ಸೀಸನ್ ಈ ಬಿಯರುಗಳನ್ನು ಹುಡುಕಿ ಹುಡುಕಿ ಕುಡಿದಿದ್ದೇನೆ, ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದೇನೆ.

ಮೊದಲು ನಿಮ್ಮ ಕೊರಗಿಗೆ ಉತ್ತರ. ನಿಮ್ಮ ನಾಲಿಗೆ ತಪ್ಪಿಲ್ಲ. ಅಮೆರಿಕದವರು "ಪಂಪ್ಕಿನ್ ರುಚಿ" ಅಂದರೆ ಅವರ ಮನಸ್ಸಿಗೆ ಬರುವುದು ಪಂಪ್ಕಿನ್ ಪೈ. ಹಬ್ಬಕ್ಕೆ ಮಾಡುವ ಸಿಹಿ ಅದು. ಚಕ್ಕೆ, ಜಾಕಾಯಿ, ಶುಂಠಿ, ಲವಂಗ ಹಾಕುತ್ತಾರೆ. ಆ ಪರಿಮಳ ಬಂದರೆ ಸಾಕು, ಅವರಿಗೆ ಕುಂಬಳಕಾಯಿ ಬಂದ ಹಾಗೆ. ನಮಗೆ ಏಲಕ್ಕಿ ವಾಸನೆ ಬಂದರೆ ಒಳಗೆ ಪಾಯಸ ಆಗುತ್ತಿದೆ ಅನ್ನಿಸುತ್ತದಲ್ಲ, ಹಾಗೆ.

ಇದರ ಹಿಂದೆ ಕಥೆಯೂ ಇದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೇವರ್ಡ್ ಊರಿನಲ್ಲಿ ಬಫಲೋ ಬಿಲ್ಸ್ ಅನ್ನುವ ಬ್ರೂವರಿ ಇತ್ತು. ಅದರ ಮಾಲೀಕ ಬಿಲ್ ಓವೆನ್ಸ್. ಜಾರ್ಜ್ ವಾಷಿಂಗ್ಟನ್ ಕಾಲದಲ್ಲಿ ಕುಂಬಳಕಾಯಿ ಹಾಕಿ ಬಿಯರ್ ಮಾಡುತ್ತಿದ್ದರು ಅಂತ ಓದಿ, ತಾವೂ ಕುಂಬಳಕಾಯಿ ಬೇಯಿಸಿ ಹಾಕಿದರು. ಬಿಯರ್ ಆಯಿತು, ಕುಂಬಳದ ರುಚಿ ಬರಲಿಲ್ಲ. ಆಗ ಅಂಗಡಿಯಿಂದ ಪೈ ಮಸಾಲೆ ತಂದು ಸೇರಿಸಿದರು. ಈಗಿನ ಪಂಪ್ಕಿನ್ ಬಿಯರುಗಳೆಲ್ಲ ಬಹುಮಟ್ಟಿಗೆ ಆ ದಾರಿಯಲ್ಲೇ ಬಂದವು.

ಇನ್ನೂ ಹಿಂದೆ ಹೋದರೆ ಮಸಾಲೆಯ ಮಾತೇ ಇಲ್ಲ. ಅಮೆರಿಕನ್ ಫಿಲಾಸಫಿಕಲ್ ಸೊಸೈಟಿಯವರ ಹತ್ತಿರ 1771ರ ಒಂದು ವಿಧಾನ ಉಳಿದಿದೆ. ಕುಂಬಳಕಾಯಿ ಕುಟ್ಟಿ, ಹಿಂಡಿ, ರಸ ತೆಗೆದು ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಜೊತೆ ಕುದಿಸುವುದು. ಬಾರ್ಲಿ ಸಾಲದ ಜಾಗದಲ್ಲಿ ಬಳ್ಳಿಯಲ್ಲಿ ಬಿಟ್ಟಿದ್ದನ್ನೇ ಬಳಸಿಕೊಂಡರು. ಬಡವರ ಮನೆಯ ಬುದ್ಧಿವಂತಿಕೆ ಅದು. ನನಗೆ ಅದು ತುಂಬಾ ಇಷ್ಟ.

ಈಗ ನಿಮ್ಮ ಬಾಟಲಿಗಳು.

ಪಂಪ್ಕಿನ್‌ಹೆಡ್ ಮೊದಲು ತೆಗೆಯಿರಿ. ಗೋಧಿಯ ಹಗುರ ಬಿಯರ್ ಅದು. ಬಲವಾದದ್ದನ್ನು ಕುಡಿದ ಮೇಲೆ ಇದನ್ನು ಕುಡಿದರೆ ನೀರು ಅನ್ನಿಸುತ್ತದೆ, ಅದಕ್ಕೆ ಅನ್ಯಾಯ ಮಾಡಿದ ಹಾಗೆ. ಅಲ್ಲಿನ ಬಾರುಗಳಲ್ಲಿ ಲೋಟದ ಅಂಚಿಗೆ ಸಕ್ಕರೆ, ಚಕ್ಕೆಪುಡಿ ಹಚ್ಚಿ ಕೊಡುತ್ತಾರೆ. ನೀವು ಹಚ್ಚಬೇಡಿ. ಬರೀ ಬಿಯರ್ ಏನು ಹೇಳುತ್ತದೆ ಕೇಳಿ.

ಎರಡನೆಯದು ಪಂಕಿನ್. ಆಲ್ಕೋಹಾಲ್ ಶೇ. 7. ನನ್ನ ಮೆಚ್ಚಿನದು ಇದೇ. ಇದು ಮೂಲತಃ ಬ್ರೌನ್ ಏಲ್, ಅಂದರೆ ಹುರಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಕಂದು ಬಿಯರ್. ಕುಂಬಳಕಾಯಿ, ಕಂದು ಸಕ್ಕರೆ, ಚಕ್ಕೆ, ಜಾಕಾಯಿ, ಆಲ್‌ಸ್ಪೈಸ್ ಅನ್ನುವ ಮಸಾಲೆ ಹಾಕುತ್ತಾರೆ. ಡೆಲವೇರಿನಲ್ಲಿ ಕುಂಬಳಕಾಯಿಯನ್ನು ಯಂತ್ರದಿಂದ ದೂರಕ್ಕೆ ಎಸೆಯುವ ಸ್ಪರ್ಧೆ ನಡೆಯುತ್ತಿತ್ತು, ಪಂಕಿನ್ ಚಂಕಿನ್ ಅಂತ. 1994ರಲ್ಲಿ ಅಲ್ಲಿನ ಅಡುಗೆ ಪಂದ್ಯಕ್ಕೆ ಈ ಬಿಯರ್ ಹೋಗಿ ಗೆದ್ದಿತು. ಬ್ರೂವರಿ ಬಾಗಿಲು ತೆರೆದದ್ದೇ ಆಮೇಲೆ, 1995ರಲ್ಲಿ. ಇದರಲ್ಲಿ ಮಸಾಲೆ ಹಿಂದೆ ನಿಲ್ಲುತ್ತದೆ. ನುಂಗಿದ ಮೇಲೆ ನಾಲಿಗೆಯ ಮಧ್ಯದಲ್ಲಿ ಒಂದು ಮೆತ್ತನೆಯ, ಮಣ್ಣು ಬೆರೆತ ಸಿಹಿ ಉಳಿಯುತ್ತದೆ ನೋಡಿ. ನೀವು ಹುಡುಕುತ್ತಿರುವುದು ಅದು.

ಮೂರನೆಯದು ವೈಯರ್‌ಬಾಕರ್. ಶೇ. 8. ಇದರ ಮಸಾಲೆಯಲ್ಲಿ ಒಂದು ವಿಶೇಷ ಇದೆ. ನಾನು ಹೇಳುವುದಿಲ್ಲ, ನೀವೇ ಕಂಡುಹಿಡಿಯಿರಿ. ನಮ್ಮವರಿಗೆ ಕಷ್ಟವಾಗುವುದಿಲ್ಲ.

ಪಂಪ್ಕಿಂಗ್ ಕೊನೆಗೆ. ಶೇ. 8.6. ಬಾಟಲಿ ತೆಗೆದ ಕೂಡಲೇ ಬೆಣ್ಣೆ ಬಿಸ್ಕತ್ತು, ವೆನಿಲ್ಲಾ. ಸಂಜೆ ಹೊತ್ತು ಅಯ್ಯಂಗಾರ್ ಬೇಕರಿ ಮುಂದೆ ಹಾದುಹೋದ ಹಾಗೆ. ಮೊದಲ ವರ್ಷ ನನಗೆ ಇದೇ ಹುಚ್ಚು. ಮೂರನೇ ವರ್ಷಕ್ಕೆ ಸಿಹಿ ಜಾಸ್ತಿ ಅನ್ನಿಸಿತು. ಒಂದು ಸಣ್ಣ ಲೋಟಕ್ಕೆ ಬಹಳ ಒಳ್ಳೆಯದು, ಇಡೀ ಬಾಟಲಿ ಒಬ್ಬರಿಗೆ ಭಾರ.

ಐಸಿನಂಥ ತಣ್ಣಗೆ ಬೇಡ. ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ಮೂವತ್ತು ನಿಮಿಷ ಹೊರಗಿಡಿ. 10ರಿಂದ 12 ಡಿಗ್ರಿಗೆ ಬಂದರೆ ಪರಿಮಳ ಬಿಚ್ಚಿಕೊಳ್ಳುತ್ತದೆ. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣುವುದಿಲ್ಲ, ಗಾಜಿನದು ತೆಗೆದುಕೊಳ್ಳಿ.

ಇನ್ನೊಂದು ಕೆಲಸ ಮಾಡಿ. ಇದನ್ನು ಮಾತ್ರ ಬಿಡಬೇಡಿ. ನಿಮ್ಮ ತೋಟದ ಕುಂಬಳದ ನಾಲ್ಕು ಹೋಳನ್ನು ಉಪ್ಪು, ಬೆಲ್ಲ ಏನೂ ಹಾಕದೆ ಬೇಯಿಸಿ ತಟ್ಟೆಯಲ್ಲಿಡಿ. ಪಕ್ಕದಲ್ಲಿ ಒಂದು ಚೂರು ಚಕ್ಕೆ, ಎರಡು ಲವಂಗ, ಜಾಕಾಯಿ. ಮೊದಲು ಹೋಳನ್ನು ತಿನ್ನಿ, ಮಸಾಲೆ ಮೂಸಿ, ಆಮೇಲೆ ಬಿಯರ್. ಬರೀ ಕುಂಬಳದ ರುಚಿ ಎಷ್ಟು ಮೆಲ್ಲಗಿನದು ಅಂತ ಆಗ ಗೊತ್ತಾಗುತ್ತದೆ. ಪಲ್ಯದಲ್ಲಿ ನಾವು ನೆನಪಿಟ್ಟುಕೊಂಡಿರುವುದು ಅರ್ಧ ಬೆಲ್ಲದ ರುಚಿ, ಅರ್ಧ ಒಗ್ಗರಣೆಯದು. ನಡುವೆ ಬಾಯಿ ಶುದ್ಧಿಗೆ ನೀರು, ಬರೀ ಪುರಿ ಸಾಕು. ಖಾರದ್ದು ಬೇಡ.

ಚಿಂತಾಮಣಿ ಪೇಟೆ

ಬಿಯರ್ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ. ಒಂದು ಸಂದೇಹ. ಇದು ನಮ್ಮ ಸಿಹಿಗುಂಬಳವೇನಾ? ಆಯುಧಪೂಜೆಗೆ ಒಡೆಯುವ ಬೂದುಗುಂಬಳ ಅಲ್ಲ ತಾನೇ? ಅಮೆರಿಕದವರು ಮುಖ ಕೊರೆದು ದೀಪ ಇಡುವುದು ಬೇರೆ ಜಾತಿಯ ಹಾಗೆ ಕಾಣುತ್ತದೆ.

ಗುಬ್ಬಿ ತಾಲ್ಲೂಕು

ಬೂದುಗುಂಬಳ ಅಲ್ಲ, ಅದು ಬೇರೆಯೇ ಗಿಡ. ದೀಪ ಇಡುವ ದೊಡ್ಡ ಕಾಯಿ ತಿನ್ನಲು ಸಪ್ಪೆ, ನಾರು ಜಾಸ್ತಿ. ಅಮೆರಿಕದಲ್ಲಿ ಡಬ್ಬಿಯಲ್ಲಿ ಬರುವ ಲಿಬ್ಬೀಸ್ ಕುಂಬಳದ ತಿರುಳು ಡಿಕಿನ್ಸನ್ ಅನ್ನುವ ತಳಿಯದು. ಅದು ಕುಕುರ್ಬಿಟಾ ಮೊಸ್ಕಾಟಾ ಜಾತಿ. ನಮ್ಮ ಕಡೆಯ ಸಿಹಿಗುಂಬಳ ಹೆಚ್ಚಾಗಿ ಇದೇ ಜಾತಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿಯೂ ಅದೇ. ಎರಡು ಮೂರು ಕಿಲೋ ತೂಗುವ ಕಾಯಿ, ಒಳಗೆ ಕಡು ಕಿತ್ತಳೆ ಬಣ್ಣ, ಒಳ್ಳೆಯ ವಾಸನೆ. ಹಾಗಾಗಿ ಶಿಡ್ಲಘಟ್ಟದವರ ಬದುವಿನ ಕಾಯಿಗೂ ಆ ಡಬ್ಬಿಯ ತಿರುಳಿಗೂ ಹತ್ತಿರದ ನಂಟು.

ನಾನು ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಕೆಲಸ ಮಾಡುತ್ತೇನೆ. ಹೋದ ವರ್ಷ 20 ಲೀಟರಿನ ಪ್ರಯೋಗ ಎರಡು ಸಲ ಮಾಡಿದೆ. ಮೊದಲ ಸಲ ಕುಂಬಳವನ್ನು ಬರೀ ಬೇಯಿಸಿ ಮಾಲ್ಟಿನ ಜೊತೆ ಹಾಕಿದೆ. ಏನೂ ಸಿಗಲಿಲ್ಲ. ಯಾಕೆಂದರೆ ಕುಂಬಳದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಉಳಿದ ಪಿಷ್ಟ ಸಕ್ಕರೆಯಾಗುತ್ತದೆ, ಸಕ್ಕರೆಯನ್ನು ಯೀಸ್ಟ್ ತಿಂದುಬಿಡುತ್ತದೆ. ಆಲ್ಕೋಹಾಲ್ ಉಳಿಯುತ್ತದೆ, ರುಚಿ ಉಳಿಯುವುದಿಲ್ಲ. ನೀವು ಕೊನೆಯ ಗುಟುಕಿನವರೆಗೂ ಹುಡುಕಿದ್ದು ಯೀಸ್ಟ್ ಹೊಟ್ಟೆಗೆ ಹೋಗಿತ್ತು.

ಎರಡನೇ ಸಲ ಹೋಳುಗಳನ್ನು ಓವನ್ನಿನಲ್ಲಿ 180 ಡಿಗ್ರಿಗೆ ಇಟ್ಟು, ಅಂಚು ಕಂದಾಗುವವರೆಗೆ ಸುಟ್ಟೆ. ನೀರು ಆರಿತು, ಸಿಹಿ ಗಟ್ಟಿಯಾಯಿತು. ಸುಟ್ಟ ಸಕ್ಕರೆಯ ಆ ರುಚಿಯನ್ನು ಯೀಸ್ಟ್ ಪೂರ್ತಿ ತಿನ್ನಲಾರದು. 4 ಕಿಲೋ ಮಾಲ್ಟಿಗೆ 2 ಕಿಲೋ ಸುಟ್ಟ ತಿರುಳು, 67 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದೆ. ತಿರುಳು ಅಂಟಿಕೊಂಡು ರಸ ಕೆಳಗಿಳಿಯದೆ ನಿಂತುಬಿಡುತ್ತದೆ, ಅದಕ್ಕೆ ಭತ್ತದ ಹೊಟ್ಟು ಸೇರಿಸಿದೆ. ಮಸಾಲೆಯನ್ನು ಕುದಿಯುವಾಗ ಹಾಕಲಿಲ್ಲ. ಹುದುಗು ಮುಗಿದ ಮೇಲೆ ಒಂದೇ ಒಂದು ತುಂಡು ಚಕ್ಕೆ, ಮೂರು ದಿನ. ದಿನಾ ರುಚಿ ನೋಡಿ, ಸಾಕು ಅನ್ನಿಸಿದ ದಿನ ತೆಗೆದೆ. ಲವಂಗ ಹಾಕಲೇ ಇಲ್ಲ. ಅದು ಒಂದು ಸಲ ಕೂತರೆ ಎದ್ದು ಹೋಗುವುದಿಲ್ಲ.

ಆ ಬಿಯರಿನಲ್ಲಿ ಕುಂಬಳ ಇತ್ತು. ರುಚಿಗಿಂತ ಜಾಸ್ತಿ ಮೈಯಲ್ಲಿ ಇತ್ತು. ನಾಲಿಗೆಯ ಮೇಲೆ ಒಂದು ನುಣುಪು, ದಪ್ಪ. ಅಂತರಗಂಗೆ ಅಣ್ಣ ಹೇಳಿದ "ಮೆತ್ತನೆಯ ಸಿಹಿ" ಅಂದರೆ ಇದೇ ಅಂತ ನನಗನ್ನಿಸುತ್ತದೆ.

ಇದನ್ನು ಓದಿ ಯಾರೂ ಮನೆಯಲ್ಲಿ ಮಾಡಲು ಹೋಗಬೇಡಿ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಕಾಯ್ದೆಯಲ್ಲಿ ಅಪರಾಧ.

ಬಾಟಲಿ ಮೇಲಿನ ತಾರೀಕನ್ನೂ ನೋಡಿಕೊಳ್ಳಿ. ಹಗುರದ್ದನ್ನು ಇಟ್ಟರೆ ಮಸಾಲೆಯ ಪರಿಮಳ ಇಳಿದುಹೋಗುತ್ತದೆ. ಬಿಸಿಲು ತಾಗಬಾರದು.

ಶಿಡ್ಲಘಟ್ಟದವನು

ಭಾವ ಬಂದರು, ಐದೂ ಬಾಟಲಿ ಸೀರೆಗಳ ಮಧ್ಯೆ ಭದ್ರವಾಗಿ ಬಂದವು. ನಿನ್ನೆ ರಾತ್ರಿ ಮಾಳಿಗೆ ಮೇಲೆ ಕೂತು ನೋಡಿದೆವು. ನಾನು, ಭಾವ, ಅಣ್ಣ, ಚಿಕ್ಕಪ್ಪ.

ಬರೀ ಬೇಯಿಸಿದ ಹೋಳು ತಿಂದಾಗಲೇ ಅರ್ಧ ಉತ್ತರ ಸಿಕ್ಕಿತು. ಅಷ್ಟು ಮೆಲ್ಲಗಿನ ರುಚಿ ಅಂತ ಇಷ್ಟು ವರ್ಷ ಗಮನಿಸಿರಲೇ ಇಲ್ಲ. ಎಳೆ ಗೆಣಸಿನ ಹಾಗೆ, ಸ್ವಲ್ಪ ಹಸಿ ಹುಲ್ಲಿನ ವಾಸನೆ.

ಪಂಪ್ಕಿನ್‌ಹೆಡ್ ಚಿಕ್ಕಪ್ಪನಿಗೆ ಬಹಳ ಹಿಡಿಸಿತು. ನನಗೆ ಅದರಲ್ಲಿ ಚಕ್ಕೆ ಬಿಟ್ಟು ಬೇರೇನೂ ಸಿಗಲಿಲ್ಲ. ಪಂಕಿನ್‌ನಲ್ಲಿ ಅಣ್ಣ ಹೇಳಿದ ಜಾಗ ಸಿಕ್ಕಿತು. ನುಂಗಿ, ಸುಮ್ನೆ ಹತ್ತು ಎಣಿಸಿದೆ. ನಾಲಿಗೆಯ ಮಧ್ಯದಲ್ಲಿ ಬಂತು. ಮತ್ತೆ ಒಂದು ಹೋಳು ತಿಂದು ಮತ್ತೆ ಕುಡಿದೆ. ಮತ್ತೆ ಬಂತು. ಗುಬ್ಬಿ ಅಕ್ಕ ಹೇಳಿದ ನುಣುಪು ಕೂಡ. ಒಂದು ವರ್ಷದ ಕೊರಗು ಅಲ್ಲಿಗೆ ಹೋಯಿತು.

ವೈಯರ್‌ಬಾಕರ್ ಗುಟ್ಟನ್ನು ನಾವು ಯಾರೂ ಹಿಡಿಯಲಿಲ್ಲ. ಲೋಟ ತೆಗೆದುಕೊಂಡು ಹೋಗಲು ಮೇಲೆ ಬಂದ ಅಮ್ಮ ಒಂದು ಸಲ ಮೂಸಿ, "ಏಲಕ್ಕಿ ಹಾಕಿದ್ದಾರೆ" ಅಂದರು. ಸರಿ ತಾನೇ ಅಣ್ಣ?

ಪಂಪ್ಕಿಂಗ್ ಒಂದೇ ತೆಗೆದೆವು. ಭಾವನಿಗೆ ಅದೇ ಮೊದಲ ಸ್ಥಾನ. ನನಗೆ ಎರಡನೆಯದು. ಇನ್ನೊಂದು ಬಾಟಲಿ ಹಾಗೇ ಇದೆ. ನಮ್ಮ ತಾತನ ಎಡೆಗೆ ಪ್ರತಿ ವರ್ಷ ಒಂದು ಲೋಟ ಬ್ರಾಂದಿ ಇಡುತ್ತೇವೆ. ಕುಂಬಳದ ಬೀಜವನ್ನು ಬೂದಿಯಲ್ಲಿ ಉಜ್ಜಿ ಒಣಗಿಸಿ ಇಡುತ್ತಿದ್ದವರು ಅವರು, ಈಗಿನ ಬಳ್ಳಿಯೂ ಆ ಬೀಜದ್ದೇ. ಈ ಸಲ ಬ್ರಾಂದಿ ಪಕ್ಕದಲ್ಲಿ ಇದನ್ನೂ ಇಡೋಣ ಅಂತ ಅಪ್ಪ ತಾವಾಗಿ ಹೇಳಿದರು.

ಗುಬ್ಬಿ ಅಕ್ಕ, ಬದುವಿನಲ್ಲಿ ಇನ್ನೂ ಏಳೆಂಟು ಕಾಯಿ ಬಲಿತಿವೆ. ನಿಮ್ಮ ಮೂರನೇ ಪ್ರಯೋಗಕ್ಕೆ ಬೇಕಾದರೆ ಮುಂದಿನ ವಾರ ರೇಷ್ಮೆಗೂಡು ಹಾಕಿ ಬೆಂಗಳೂರಿಗೆ ಬರುವಾಗ ತರುತ್ತೇನೆ.

ಅಂತರಗಂಗೆ ಬೆಟ್ಟ

ಏಲಕ್ಕಿಯೇ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಗುಬ್ಬಿ ತಾಲ್ಲೂಕು

ಖಂಡಿತ ತನ್ನಿ. ನಾಲ್ಕು ಕಾಯಿ ಸಾಕು. ತೊಟ್ಟು ಪೂರ್ತಿ ಒಣಗಿರಲಿ, ತೊಟ್ಟಿನ ಸಮೇತ ಕೊಯ್ಯಿರಿ. ಬೀಜ ನಿಮಗೆ ವಾಪಸ್ ಕೊಡುತ್ತೇನೆ.