ತತ್ವ, ಪುರಾಣದ ಪಾಠಕ್ಕೆ ಸಿನಿಮಾ ಬಳಸಿದವರು ಇದ್ದೀರಾ?

ಕಲಬುರಗಿಯಿಂದ ಕೇಳುತ್ತಿದ್ದೇನೆ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವಳು. ಪ್ಲೇಟೋ, ಶಂಕರ, ಮಹಾಭಾರತ ಅಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಮೊಬೈಲ್ ಹೊರಗೆ ಬರುತ್ತದೆ. ಸಿನಿಮಾ ತೋರಿಸಿ ಮಾತು ಶುರು ಮಾಡೋಣ ಅಂತಿದ್ದೇನೆ. ಕ್ಯಾಂಪ್‌ಬೆಲ್‌ನ ವೀರಯಾತ್ರೆಯ ಚೌಕಟ್ಟು ಸಾಕಾಗುತ್ತದಾ? ಮಾಡಿ ನೋಡಿದವರು ಹೇಳಿ.

ಬೀದರ್‌ನಿಂದ:
ಮೇಡಂ, ಆ ಚೌಕಟ್ಟನ್ನು ಮೊದಲ ದಿನವೇ ಬೋರ್ಡ್ ಮೇಲೆ ಬರೆಯಬೇಡಿ. ನಾಯಕ ಮನೆ ಬಿಡುತ್ತಾನೆ, ಕಷ್ಟ ದಾಟುತ್ತಾನೆ, ಏನೋ ಗಳಿಸಿಕೊಂಡು ವಾಪಸ್ ಬರುತ್ತಾನೆ ಅಂತ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಬರೆದ. 1977ರ ಸ್ಟಾರ್ ವಾರ್ಸ್‌ಗೆ ಅದು ಚೆನ್ನಾಗಿ ಕೂರುತ್ತದೆ, ಕೂರದೆ ಏನು, ಜಾರ್ಜ್ ಲೂಕಾಸ್ ಅವನನ್ನು ಓದಿಕೊಂಡೇ ಕಥೆ ಕಟ್ಟಿದ್ದು. ಅದೇ ಅಳತೆ ಕರ್ಣನಿಗೆ ಹಿಡಿದು ನೋಡಿ. ಅವನು ವಾಪಸ್ ಹೋಗೋದು ಯಾವ ಮನೆಗೆ? ಹೆತ್ತ ತಾಯಿ ಕರೆದರೂ ಹೋಗಲಿಲ್ಲ.

ನಾನು ಮಣಿರತ್ನಂ ಅವರ ದಳಪತಿ (1991) ಹಾಕುತ್ತೇನೆ. ಕುಂತಿ ನದಿಗೆ ಬಿಟ್ಟ ಕೂಸು ಇಲ್ಲಿ ಗೂಡ್ಸ್ ರೈಲಿನಲ್ಲಿ ಹೋಗುತ್ತದೆ. ಅರ್ಜುನ ಕಲೆಕ್ಟರ್ ಆಗಿದ್ದಾನೆ. ಇದನ್ನೆಲ್ಲ ಹುಡುಗರೇ ಹಿಡಿಯುತ್ತಾರೆ, ನೀವು ಬಾಯಿ ಬಿಡಬೇಕಿಲ್ಲ. ದುರ್ಯೋಧನನ ಜಾಗದ ದೇವನನ್ನು ಸಾಯಿಸಿ, ಮಹಾಭಾರತದಲ್ಲಿ ಸಾಯುವ ಕರ್ಣನನ್ನು ಯಾಕೆ ಉಳಿಸಿದರು ಅಂತ ಮಾತ್ರ ಕೇಳಿ. ‘ರಜನಿ ಪಾತ್ರ ಸಾಯಿಸಿದರೆ ಫ್ಯಾನ್ಸ್ ಸುಮ್ನೆ ಬಿಡ್ತಾರಾ’ ಅಂತ ಒಬ್ಬ ಹೇಳೇ ಹೇಳುತ್ತಾನೆ. ನಗಬೇಡಿ, ಅದೂ ಉತ್ತರವೇ. ಗೆಳೆಯನ ಋಣ ಸತ್ತರೆ ತೀರುತ್ತದಾ, ಬದುಕಿದರೆ ತೀರುತ್ತದಾ ಅನ್ನೋ ಜಗಳ ಅಲ್ಲಿಂದಲೇ ಹತ್ತಿಕೊಳ್ಳುತ್ತದೆ.

ಬಸವಕಲ್ಯಾಣದಿಂದ:
ಯಂತ್ರಗಳು ಕಟ್ಟಿದ ಸುಳ್ಳು ಲೋಕವನ್ನೇ ಜನ ನಿಜ ಅಂದುಕೊಂಡು ಬದುಕುವ ಸಿನಿಮಾ ಮ್ಯಾಟ್ರಿಕ್ಸ್ (1999). ಅದು ಅಂದರೆ ಎಲ್ಲರೂ ಪ್ಲೇಟೋನ ಗುಹೆ ಅಂತಾರೆ. ಚಿಕ್ಕಂದಿನಿಂದ ಕಟ್ಟಿಹಾಕಿದವರು ಗೋಡೆಯ ಮೇಲಿನ ನೆರಳನ್ನೇ ನಿಜ ಅಂದುಕೊಳ್ಳುವ ಕಥೆ. ಕತ್ತಲಲ್ಲಿ ಹಗ್ಗವನ್ನು ಹಾವು ಅಂದುಕೊಳ್ಳುವ ಶಂಕರರ ಉದಾಹರಣೆ ಬೇರೆ. ಅಲ್ಲಿ ಯಾರೂ ಕಟ್ಟಿಹಾಕಿಲ್ಲ, ದೀಪ ತಂದರೆ ಹಾವು ಹೋಯಿತು. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ನನಗೆ ಜಾಸ್ತಿ ಕೆಲಸಕ್ಕೆ ಬಂದಿದ್ದು ಅದೇ ಸಿನಿಮಾದಲ್ಲಿ ಸೈಫರ್ ಅನ್ನೋ ಪಾತ್ರ ಆ ಸುಳ್ಳು ಲೋಕದಲ್ಲಿ ಊಟ ಮಾಡುವ ಸೀನ್. ಫೋರ್ಕ್‌ನಲ್ಲಿ ಮಾಂಸದ ತುಂಡು ಎತ್ತಿ ಹಿಡಿದು, ಇದು ಸುಳ್ಳು ಅಂತ ಗೊತ್ತು ಅನ್ನುತ್ತಾನೆ, ಬಾಯಿಗೆ ಹಾಕಿಕೊಂಡು ಸವಿಯುತ್ತಾನೆ. ಇವನ ಮುಂದೆ ದೀಪ ಹಿಡಿದು ಏನು ಮಾಡ್ತೀರಿ? ಹೊನ್ನು, ಹೆಣ್ಣು, ಮಣ್ಣು ಮಾಯೆಯಲ್ಲ, ಮನದ ಮುಂದಿನ ಆಸೆಯೇ ಮಾಯೆ ಅಂದ ಅಲ್ಲಮನೇ ಬರಬೇಕು. ನಮ್ಮ ಹುಡುಗರಿಗೆ ಆ ವಚನ ಬಾಯಿಪಾಠ. ಅದು ಇಂಥವನ ಬಗ್ಗೆ ಅಂತ ಹೊಳೆದಿರುವುದಿಲ್ಲ, ಅಷ್ಟೇ.

ಸುರಪುರ ಕಡೆಯಿಂದ:
ದೊಡ್ಡಾಟ ನೋಡಿದ ಹುಡುಗರಿದ್ದರೆ ಅವರಿಂದಲೇ ಶುರು ಮಾಡಿ ಅಕ್ಕಾವ್ರೇ. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ತಾವು ಯಾರು ಅಂತ ಕೇಳುತ್ತಾನೆ, ವೀರ ತನ್ನ ಹೆಸರು, ಊರು, ಪರಾಕ್ರಮ ಎಲ್ಲ ತಾನೇ ಹೇಳಿಕೊಳ್ಳುತ್ತಾನೆ. ಈಗ ಸಿನಿಮಾದಲ್ಲಿ ಆ ಕೆಲಸ ವಿಲನ್ ಕಡೆಯವನಿಗೆ ಬಂದಿದೆ. ಅವನು ನಡುಗುತ್ತಾ ಹೊಗಳುತ್ತಾನೆ, ಹೀರೋ ಸುಮ್ನೆ ಸ್ಲೋ ಮೋಷನ್‌ನಲ್ಲಿ ನಡೆದು ಬರುತ್ತಾನೆ. 10ನೇ ಶತಮಾನದಲ್ಲಿ ಪಂಪ ತನ್ನ ರಾಜ ಅರಿಕೇಸರಿಯನ್ನೇ ಅರ್ಜುನ ಮಾಡಿ ಬರೆದ (ಈ ಅರಿಕೇಸರಿ ನಮ್ಮ ಮಳಖೇಡದ ರಾಷ್ಟ್ರಕೂಟರ ಸಾಮಂತ). ಅಂದ್ಮೇಲೆ ಪಾತ್ರವನ್ನೂ ಸ್ಟಾರನ್ನೂ ಒಂದೇ ಮಾಡೋದು ಕಟೌಟಿಗೆ ಹಾಲೆರೆಯುವವರು ಹುಟ್ಟಿಸಿದ್ದಲ್ಲ, ಅಲ್ವಾ?

ಹಾಗೇ ಬಬ್ರುವಾಹನ (1977) ಬಿಡಬೇಡಿ. ಅರ್ಜುನನೂ ರಾಜ್‌ಕುಮಾರ್, ಎದುರು ನಿಂತ ಮಗನೂ ರಾಜ್‌ಕುಮಾರ್. ಯಾರ ಕಡೆ ಶಿಳ್ಳೆ ಹೊಡೀಬೇಕು ಅಂತ ಕೇಳಿ ನೋಡಿ.

ಕಲಬುರಗಿಯ ವಿದ್ಯಾರ್ಥಿ:
ಮೇಡಂ, ಪೂರ್ತಿ ಸಿನಿಮಾ ಮಾತ್ರ ಹಾಕಬೇಡಿ. ನಮ್ಮೂರ ಬಿಸಿಲಿಗೆ, ಊಟ ಆದಮೇಲೆ, ಕಿಟಕಿ ಮುಚ್ಚಿ ಕತ್ತಲೆ ಮಾಡಿದರೆ ಎಲ್ಲರೂ ಮಲಗುತ್ತಾರೆ. ಒಂದೇ ಸೀನ್ ಸಾಕು. ನಾಯಕ ನಿರ್ಧಾರ ಮಾಡುವ ಮೊದಲೇ ನಿಲ್ಲಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಬರೆಸಿ. ಮತ್ತೆ, ಇದು ಪರೀಕ್ಷೆಗೆ ಬರುತ್ತಾ ಅಂತ ಯಾರೋ ಒಬ್ಬರು ಕೇಳುತ್ತಾರೆ. ಅದಕ್ಕೊಂದು ಉತ್ತರ ರೆಡಿ ಇಟ್ಟುಕೊಳ್ಳಿ.